ಸಹಾಯ ಬೇಕು: ಗೇರುಬೀಜ ಕಾರ್ಖಾನೆ ಕೆಲಸದವರ ಗ್ರಾಚ್ಯುಟಿ ವಿಷಯ

ಎಲ್ಲರಿಗೂ ನಮಸ್ಕಾರ. ನನ್ನ ಅತ್ತಿಗೆ ಕಾರ್ಕಳದ ಹತ್ತಿರ ಒಂದು ಗೇರುಬೀಜ ಕಾರ್ಖಾನೆಯಲ್ಲಿ 11 ವರ್ಷ ಸಿಪ್ಪೆ ತೆಗೆಯುವ ಕೆಲಸ ಮಾಡಿದ್ದಾರೆ. ಮಳೆಗಾಲ ಶುರುವಾಗುವಾಗ ಕೆಲಸ ಕಡಿಮೆ ಇದೆ, ನಾಳೆಯಿಂದ ಬರಬೇಡಿ ಅಂದರು. ನೋಟಿಸೂ ಇಲ್ಲ, ಪತ್ರವೂ ಇಲ್ಲ. ಗ್ರಾಚ್ಯುಟಿ (ಹಲವು ವರ್ಷ ದುಡಿದವರು ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಹಣ) ಕೇಳಿದರೆ "ನೀವು ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರು, ನಿಮಗೆ ಬರುವುದಿಲ್ಲ" ಅಂತ ಮೇಸ್ತ್ರಿ ಹೇಳಿ ಕಳಿಸಿದ್ದಾರೆ.

ಇದು ಸರಿಯಲ್ಲ ಅಲ್ವಾ? 5 ವರ್ಷ ಬಿಡದೆ ದುಡಿದವರಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಕೊಡಬೇಕು. ಕಿಲೋ ಲೆಕ್ಕದವರಿಗೂ ಹಕ್ಕಿದೆ, ಕೊನೆಯ 3 ತಿಂಗಳ ಸಂಬಳದ ಸರಾಸರಿ ಹಿಡಿದು ದಿನಗೂಲಿ ಲೆಕ್ಕ ಹಾಕುತ್ತಾರೆ. ಜೊತೆಯವರೂ ಇದ್ದಾರೆ, ಆದರೆ ಒಳಗೆ ಇನ್ನೂ ಕೆಲಸದಲ್ಲಿರುವವರು ಹೆದರಿ ಮಾತಾಡುತ್ತಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಮನೆ ನಡೆಯುವುದೇ ಆ ಸಂಬಳದಲ್ಲಿ.

ಹಾಜರಿ ಕಾರ್ಡ್ ಕೊಟ್ಟಿಲ್ಲ. ಕೈಯಲ್ಲಿರುವುದು ಪಿಎಫ್ ನಂಬರ್, ಇಎಸ್‌ಐ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮಾತ್ರ. ಕೆಲಸ ಮಾಡಿದ್ದಕ್ಕೆ ಇಷ್ಟು ಸಾಕ್ಷಿ ಸಾಕಾ? ಮೊದಲು ಮಾಲೀಕರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅರ್ಜಿ ಕಳಿಸಬೇಕಾ, ನೇರ ಉಡುಪಿಯ ಕಾರ್ಮಿಕ ಇಲಾಖೆಗೆ ಹೋಗಬಹುದಾ? ಉಡುಪಿ ಅಥವಾ ಮಂಗಳೂರಿನಲ್ಲಿ ಗೇರುಬೀಜ, ಬೀಡಿ ಕೆಲಸದವರ ಯೂನಿಯನ್‌ನಲ್ಲಿ ಇರುವವರು, ಇಂಥ ಕೇಸ್ ನಡೆಸಿದ ವಕೀಲರು ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಅತ್ತಿಗೆಗೆ ಓದು ಬರಹ ಕಡಿಮೆ, ಅರ್ಜಿ ಬರೆಯುವುದು, ಓಡಾಡುವುದು ಎಲ್ಲ ನಾನೇ ಮಾಡುತ್ತೇನೆ.