‘ಮಿಶ್ರ ಎಂಜಿನ್’ ಸರಿಯೇ?

ನಮಸ್ಕಾರ. ಹಾಸನದಲ್ಲಿ ಹೈಸ್ಕೂಲು ಮಕ್ಕಳಿಗಾಗಿ ರೈಲು ಎಂಜಿನ್‌ಗಳ ಬಗ್ಗೆ ಸಣ್ಣ ಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ಎಂಜಿನ್ನಿನ ಹೆಸರಿನಲ್ಲಿ ಬರುವ ‘ಮಿಕ್ಸೆಡ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂಬುದು ನನ್ನನ್ನು ವಾರದಿಂದ ಕಾಡುತ್ತಿದೆ.

ಡಬ್ಲ್ಯುಡಿಎಂ-2 ಎಂಬ ರೈಲು ಎಂಜಿನ್ನಿನ ಹೆಸರಿನಲ್ಲಿ ಡಬ್ಲ್ಯು ಎಂದರೆ ಬ್ರಾಡ್ ಗೇಜ್ (ಅಗಲ ಹಳಿ), ಡಿ ಎಂದರೆ ಡೀಸೆಲ್, ಎಂ ಎಂದರೆ ಮಿಕ್ಸೆಡ್. ಅಂದರೆ ಪ್ಯಾಸೆಂಜರ್ ಗಾಡಿಗೂ ಗೂಡ್ಸಿಗೂ ಆಗುವ ಎಂಜಿನ್. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾದ 2,600 ಅಶ್ವಶಕ್ತಿಯ ಯಂತ್ರವಿದು. ಮೀಟರ್ ಗೇಜಿನ (ಒಂದು ಮೀಟರ್ ಅಗಲದ ಹಳಿಯ) ಎಂಜಿನ್ ವೈಡಿಎಂ-4ರಲ್ಲಿರುವ ಎಂ ಕೂಡ ಅದೇ.

ನಾನು ಮೊದಲು ‘ಮಿಶ್ರ ಎಂಜಿನ್’ ಎಂದು ಬರೆದಿದ್ದೆ. ಕರಡು ಓದಿದ ಹುಡುಗಿಯೊಬ್ಬಳು, “ಸರ್, ಇದು ಡೀಸೆಲ್ ಜೊತೆ ಕರೆಂಟಲ್ಲೂ ಓಡುತ್ತಾ?” ಎಂದು ಕೇಳಿದಳು. ಪ್ರಶ್ನೆಯಲ್ಲಿ ಹುರುಳಿದೆ. ಇದರಲ್ಲಿ ಡೀಸೆಲ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಜನರೇಟರ್ ತಿರುಗಿಸುತ್ತದೆ, ಆ ವಿದ್ಯುತ್ತು ಗಾಲಿಯ ಪಕ್ಕದ ಮೋಟಾರುಗಳಿಗೆ ಹೋಗುತ್ತದೆ. ಆದರೆ ಎಂ ಹೇಳುವುದು ಅದನ್ನಲ್ಲ. ‘ಮಿಶ್ರ’ ಎಂದೊಡನೆ ಕನ್ನಡದ ಕಿವಿಗೆ ಯಂತ್ರದೊಳಗೇ ಏನೋ ಬೆರೆತಂತೆ ಕೇಳುತ್ತದೆ. ಇಲ್ಲಿ ಎರಡಾಗಿರುವುದು ಕೆಲಸ.

ಇನ್ನೊಂದು ತೊಡಕು: ನಮ್ಮ ತಾತ ‘ಮಿಕ್ಸೆಡ್ ಗಾಡಿ’ ಎನ್ನುತ್ತಿದ್ದುದು ಒಂದೇ ರೈಲಿನಲ್ಲಿ ಜನರ ಬೋಗಿಯೂ ಸರಕಿನ ವ್ಯಾಗನ್ನೂ ಇದ್ದರೆ. ಅಲ್ಲಿ ಬೆರಕೆ ಕಣ್ಣಿಗೆ ಕಾಣುತ್ತದೆ, ‘ಮಿಶ್ರ ರೈಲು’ ಎಂದರೆ ತಪ್ಪಿಲ್ಲ. ಎಂಜಿನ್ನಿಗೂ ಅದೇ ಪದ ಅಂಟಿಸಿದರೆ ಮಕ್ಕಳು ಎರಡನ್ನೂ ಒಂದೆಂದುಕೊಳ್ಳುತ್ತಾರೆ.

‘ಇಬ್ಬಗೆಯ ಎಂಜಿನ್’ ನನಗೆ ಬೇಡ. ಇಬ್ಬಗೆ ನೀತಿಯ ವಾಸನೆ ಬಂದುಬಿಡುತ್ತದೆ. ‘ಉಭಯೋಪಯೋಗಿ’ ನಾಲಿಗೆಗೆ ಭಾರ.

ನಮ್ಮೂರ ಕಡೆ ಎತ್ತು ಕೊಳ್ಳುವಾಗ “ಉಳುಮೆಗೂ ಆಗ್ತದೆ, ಗಾಡಿಗೂ ಆಗ್ತದೆ” ಎನ್ನುತ್ತಾರೆ. ಎಂಜಿನ್ನಿನ ವಿಷಯವೂ ಹೀಗೆಯೇ. ಗೂಡ್ಸಿಗೆ ಎಳೆತ ಬೇಕು, ಪ್ಯಾಸೆಂಜರಿಗೆ ವೇಗ ಬೇಕು. ಮೋಟಾರಿನಿಂದ ಗಾಲಿಗೆ ಹೋಗುವ ಗಿಯರಿನ ಹಲ್ಲುಗಳ ಅನುಪಾತವನ್ನು ಎಳೆತಕ್ಕೆ ಹೊಂದಿಸಿದರೆ ವೇಗ ಕಡಿಮೆ, ವೇಗಕ್ಕೆ ಹೊಂದಿಸಿದರೆ ಎಳೆತ ಕಡಿಮೆ. ಎಂ ಎಂಜಿನ್ ನಡುವಿನ ಅಳತೆಯದು. ಮುಂದೆ ಡಬ್ಲ್ಯುಡಿಪಿ-4 ಪ್ರಯಾಣಿಕರಿಗೆ, ಡಬ್ಲ್ಯುಡಿಜಿ-4 ಸರಕಿಗೆ ಎಂದು ಬೇರೆಬೇರೆಯಾಗಿ ಬಂದವು. ಸುಬ್ರಹ್ಮಣ್ಯ ರಸ್ತೆ ನಿಲ್ದಾಣದಿಂದ ಸಕಲೇಶಪುರಕ್ಕೆ ಹತ್ತುವ ಘಟ್ಟದ ಹಳಿಯಲ್ಲಿ 50 ಅಡಿಗೆ ಒಂದಡಿ ಏರು. ಅಂಥಲ್ಲಿ ಎಳೆತದ ಬೆಲೆ ತಿಳಿಯುತ್ತದೆ.

ಸದ್ಯಕ್ಕೆ ‘ಎರಡಕ್ಕೂ ಸಲ್ಲುವ ಎಂಜಿನ್’ ಎಂದು ಬರೆದಿದ್ದೇನೆ. ಅರ್ಥ ನೇರವಾಗಿದೆ, ಆದರೆ ಚಿತ್ರದ ಕೆಳಗೆ ಹಾಕಲು ಉದ್ದ. ಅರಸೀಕೆರೆ, ಕಡೂರು, ಬೀರೂರಿನ ಕಡೆ ರೈಲ್ವೆಯಲ್ಲಿ ದುಡಿದವರ ಮನೆಮಾತಿನಲ್ಲಿ ಇದಕ್ಕೊಂದು ಚಿಕ್ಕ ಹೆಸರಿತ್ತೇ? ಕೇಳಿದವರಿದ್ದರೆ, ಯಾವ ಸಂದರ್ಭದಲ್ಲಿ ಕೇಳಿದಿರಿ ಎಂಬುದನ್ನೂ ದಯವಿಟ್ಟು ಬರೆಯಿರಿ.