‘ಚೆಕ್ ಔಟ್’ ಅಂದರೆ ಕೀಲಿ ಹಾಕುವುದೋ, ಬರೇ ತಗೊಳ್ಳುವುದೋ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪು, ವಾಲ್ವುಗಳ ಎರಕದ ಡ್ರಾಯಿಂಗ್ ಮಾಡುವವರಿಗೆ ಎರಡು ಪುಟದ ಕನ್ನಡ ಸೂಚನೆ ಬರೆಯುವುದಿದೆ. ನಾಲ್ಕು ಮಂದಿ ಒಂದೇ ಅಸೆಂಬ್ಲಿಯ ಫೈಲುಗಳನ್ನು ಸಬ್‌ವರ್ಷನ್‌ನಲ್ಲಿ (ಫೈಲುಗಳನ್ನೂ ಅವುಗಳ ಹಳೆಯ ಪ್ರತಿಗಳನ್ನೂ ಸರ್ವರಿನಲ್ಲಿ ಕಾಯ್ದಿಡುವ ತಂತ್ರಾಂಶ) ಇಟ್ಟುಕೊಂಡು ಕೆಲಸ ಮಾಡುತ್ತಾರೆ. ‘ಚೆಕ್ ಔಟ್’ಗೆ ‘ಹೊರತೆಗೆ’, ‘ಲಾಕ್’ಗೆ ‘ಬೀಗ’, ‘ರಿವಿಜನ್’ಗೆ ‘ಆವೃತ್ತಿ’ ಎಂದು ಹಾಕಿದ್ದೇನೆ. ನಡೆದೀತೇ?

ಉತ್ತರ: ‘ಹೊರತೆಗೆ’ ಬೇಡ. ಜಿಪ್ ಫೈಲು ಬಿಚ್ಚುವುದಕ್ಕೆ ಆ ಮಾತು ಆಗಲೇ ಬಳಕೆಯಲ್ಲಿದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ: ‘ಚೆಕ್ ಔಟ್’ ಅನ್ನುವ ಒಂದೇ ಮಾತು ಮೂರು ಕಡೆ ಮೂರು ಕೆಲಸ ಮಾಡುತ್ತದೆ. ಸಾಲಿಡ್‌ವರ್ಕ್ಸ್ ಎಂಬ ಡ್ರಾಯಿಂಗ್ ತಂತ್ರಾಂಶದ ಫೈಲುಗಳನ್ನು ನಿರ್ವಹಿಸುವ ಪಿಡಿಎಂನಲ್ಲಿ ಚೆಕ್ ಔಟ್ ಮಾಡಿದರೆ ಫೈಲು ನಿಮ್ಮ ಕೈಯಲ್ಲಿ, ಉಳಿದವರು ನೋಡಬಹುದು, ತಿದ್ದುವಂತಿಲ್ಲ. ಸಬ್‌ವರ್ಷನ್‌ನಲ್ಲಿ ಅದು ಸರ್ವರಿನಿಂದ ಕೆಲಸದ ಪ್ರತಿ ಇಳಿಸಿಕೊಳ್ಳುವುದಷ್ಟೇ, ಯಾರಿಗೂ ತಡೆ ಇಲ್ಲ. ಪ್ರೋಗ್ರಾಮರುಗಳು ಹೆಚ್ಚು ಬಳಸುವ, ಅಂಥದ್ದೇ ತಂತ್ರಾಂಶವಾದ ಗಿಟ್‌ನಲ್ಲಿ ಬಹುತೇಕ ಕೆಲಸದ ಒಂದು ಕವಲಿನಿಂದ ಇನ್ನೊಂದಕ್ಕೆ ಹೋಗುವುದು. ಅದರಲ್ಲೂ ಗೊಂದಲ ಇತ್ತು ಅಂತಲೇ 2019ರಲ್ಲಿ ‘ಸ್ವಿಚ್’, ‘ರಿಸ್ಟೋರ್’ ಎಂಬ ಬೇರೆ ಆಜ್ಞೆಗಳು ಬಂದವು.

ಪಿಡಿಎಂ ಬಳಸಿ ಬಂದವರು ಸಬ್‌ವರ್ಷನ್‌ನ ಚೆಕ್ ಔಟ್ ಮಾಡಿ, ಫೈಲು ತಮ್ಮದಾಯಿತು ಅಂದುಕೊಂಡು ಕೂಡುತ್ತಾರೆ. ಒಬ್ಬರು ಪಂಪ್ ಬಾಡಿಯ ಬೋರ್ 52 ಮಿ.ಮೀ.ನಿಂದ 55ಕ್ಕೆ ಏರಿಸುತ್ತಾರೆ, ಇನ್ನೊಬ್ಬರು ಅದೇ ಪಾರ್ಟ್ ಫೈಲಿನಲ್ಲಿ ಫ್ಲೇಂಜಿನ ತೂತು 4 ಇದ್ದದ್ದು 6 ಮಾಡುತ್ತಾರೆ. ಮೊದಲು ಕಮಿಟ್ ಮಾಡಿದವರದ್ದು (ತಿದ್ದಿದ್ದನ್ನು ಸರ್ವರಿಗೆ ಸೇರಿಸಿದವರದ್ದು) ಸಲೀಸಾಗಿ ಹೋಗುತ್ತದೆ. ಎರಡನೆಯವರಿಗೆ ‘ಔಟ್ ಆಫ್ ಡೇಟ್’ ಎಂದು ಬರುತ್ತದೆ, ಅಪ್‌ಡೇಟ್ ಮಾಡಿದರೆ (ಸರ್ವರಿನ ಹೊಸದನ್ನು ತಂದುಕೊಂಡರೆ) ‘ಕಾನ್‌ಫ್ಲಿಕ್ಟ್’, ಅಂದರೆ ಎರಡು ತಿದ್ದುಪಡಿಗಳ ತಿಕ್ಕಾಟ. ಪಾರ್ಟ್ ಫೈಲು ಬೈನರಿ (ಪಠ್ಯವಲ್ಲದ್ದು), ಸಾಲು ಸಾಲು ಹೋಲಿಸಿ ಕೂಡಿಸಲಾಗದು. ಒಬ್ಬರ ಕೆಲಸ ಬಿಟ್ಟು ಮತ್ತೆ ಮಾಡುವುದೇ ದಾರಿ. ಹಾಗಾಗಿ ‘ಮರ್ಜ್’ಗೆ ‘ವಿಲೀನ’ವೋ ‘ಕೂಡಿಸು’ವೋ ಎಂಬ ಚರ್ಚೆ ನಿಮ್ಮ ಸೂಚನೆಗೆ ಬೇಕಾಗಿಯೇ ಇಲ್ಲ.

ನಿಮ್ಮ ಪುಟಕ್ಕೆ ‘ಪ್ರತಿ ಇಳಿಸಿಕೊಳ್ಳಿ’ ಎಂದು ಬರೆಯಿರಿ, ಅದು ಆರಂಭದಲ್ಲಿ ಒಂದೇ ಸಲ. ಮುಂದೆ ಪ್ರತಿ ಬಾರಿ ಹೀಗೆ: ಸಾಲಿಡ್‌ವರ್ಕ್ಸ್‌ನಲ್ಲಿ ಫೈಲು ಮುಚ್ಚಿ, ಅಪ್‌ಡೇಟ್ ಮಾಡಿ, ‘ಗೆಟ್ ಲಾಕ್’ ಒತ್ತಿ, ಆಮೇಲೆ ತೆರೆದು ತಿದ್ದಿ. ತೆರೆದಿಟ್ಟು ಅಪ್‌ಡೇಟ್ ಮಾಡಿದರೆ ಫೈಲು ಬಳಕೆಯಲ್ಲಿದೆ ಎಂದು ವಿಂಡೋಸ್ ತಕರಾರು ತೆಗೆಯುತ್ತದೆ. ಕಮಿಟ್ ಮಾಡಿದ ಕೂಡಲೇ ಲಾಕ್ ತಾನಾಗಿ ಬಿಡುತ್ತದೆ. ಪಾರ್ಟ್, ಅಸೆಂಬ್ಲಿ, ಡ್ರಾಯಿಂಗ್ ಮೂರೂ ಬಗೆಯ ಫೈಲಿಗೆ ‘ನೀಡ್ಸ್-ಲಾಕ್’ ಗುಣ ಹಚ್ಚಿರಬೇಕು. ಆಗ ಲಾಕ್ ಪಡೆಯದವರಿಗೆ ಫೈಲು ಓದುವುದಕ್ಕೆ ಮಾತ್ರ ತೆರೆಯುತ್ತದೆ. ಅದಿಲ್ಲದಿದ್ದರೆ ಲಾಕ್ ಇದ್ದದ್ದು ತಿಳಿಯುವುದೇ ಕಮಿಟ್ ಹೊತ್ತಿಗೆ, ಅಷ್ಟರಲ್ಲಿ ಅರ್ಧ ದಿನದ ಕೆಲಸ ಆಗಿಹೋಗಿರುತ್ತದೆ.

‘ರಿವಿಜನ್’ ಇನ್ನೂ ಎಚ್ಚರ ಬೇಡುವ ಮಾತು. ಸಬ್‌ವರ್ಷನ್‌ನಲ್ಲಿ ಯಾರು ಏನು ಕಮಿಟ್ ಮಾಡಿದರೂ ಇಡೀ ಭಂಡಾರದ (ಸರ್ವರಿನ ಫೈಲು ಸಂಗ್ರಹದ) ರಿವಿಜನ್ ಸಂಖ್ಯೆ ಒಂದು ಏರುತ್ತದೆ: 411, 412. ಡ್ರಾಯಿಂಗಿನ ಮೂಲೆಯ ರಿವಿಜನ್ ಅಂಥದ್ದಲ್ಲ. ಎ, ಬಿ, ಸಿ ಎಂದು, ಮಂಜೂರಾಗಿ ಪ್ಯಾಟರ್ನ್ ಅಂಗಡಿಗೆ (ಎರಕದ ಅಚ್ಚಿನ ಮಾದರಿ ಮಾಡುವ ಕಡೆ) ಹೋಗುವಾಗ ಮಾತ್ರ ಬದಲಾಗುತ್ತದೆ. (ಅಮೆರಿಕದ ವೈ14.35 ಮಾನಕದಲ್ಲಿ ಐ, ಓ, ಕ್ಯೂ, ಎಸ್, ಎಕ್ಸ್, ಝೆಡ್ ಅಕ್ಷರಗಳನ್ನು ಬಿಡುತ್ತಾರೆ. ಐ ಎಂಬುದು 1ರಂತೆ, ಓ ಎಂಬುದು ಸೊನ್ನೆಯಂತೆ ಕಂಡೀತು ಎಂದು.) ಎರಡಕ್ಕೂ ‘ಆವೃತ್ತಿ’ ಅಂದರೆ ‘ಯಾವ ಆವೃತ್ತಿಗೆ ಎರಕ ಹೊಯ್ದಿರಿ?’ ಎಂಬ ಪ್ರಶ್ನೆಗೆ ಒಬ್ಬ 412 ಅಂದಾನು, ಇನ್ನೊಬ್ಬ ಸಿ ಅಂದಾನು. ಡ್ರಾಯಿಂಗಿನದ್ದಕ್ಕೆ ‘ಪರಿಷ್ಕರಣೆ ಸಿ’, ಸಬ್‌ವರ್ಷನ್‌ನದ್ದಕ್ಕೆ ‘ಕಮಿಟ್ ಸಂಖ್ಯೆ 412’ ಎಂದು ಬೇರೆ ಮಾಡಿ. ಅಂಗಡಿಯವರಿಗೆ ‘ರಿವ್ ಸಿ’ ಅಂದರೂ ಸಾಕು, ಅವರು ಅನ್ನುವುದೇ ಹಾಗೆ.

ಇನ್ನೊಂದು ಉತ್ತರ: ‘ಬೀಗ’ ತಪ್ಪಲ್ಲ, ಆದರೆ ನಮ್ಮ ಕಡೆ ಮನೆಗೆ ಹಾಕುವುದು ಕೀಲಿ. ತೆಂಕಣದವರಿಗೆ ಕೀಲಿ ಅಂದರೆ ಬೀಗ ತೆರೆಯುವ ಕೈ. ‘ಕೀಲಿಮಣೆ’ಯಲ್ಲೂ ಅದೇ ಅರ್ಥ. ಸರ್ವರಿಗೆ ಎಸ್‌ಎಸ್‌ಎಚ್ ಕೀ (ಒಳಬಿಡುವ ಗುರುತಿನ ಫೈಲು) ಬಳಸುವುದಿದ್ದರೆ ಅದನ್ನೂ ‘ಕೀಲಿ’ ಎಂದು ಬರೆದೀರಿ, ಆಗ ಒಂದೇ ಪುಟದಲ್ಲಿ ಕೀಲಿ ಹಾಕುವುದೂ ಕೀಲಿ, ತೆಗೆಯುವುದೂ ಕೀಲಿ. ಕೀಗೆ ‘ಕೀ’ ಎಂದೇ ಇರಲಿ, ಲಾಕ್‌ಗೆ ‘ಕೀಲಿ ಹಾಕು’, ‘ಕೀಲಿ ತೆಗೆ’. ರಜೆ ಹೋದವರ ಲಾಕ್ ಅನ್ನು ಬಲವಂತದಿಂದ ಬಿಡಿಸುವ ‘ಬ್ರೇಕ್ ಲಾಕ್’ಗಂತೂ ‘ಕೀಲಿ ಒಡೆ’ ಅಂದರೆ ವಿವರಣೆಯೇ ಬೇಡ.