ಓದುಗರ ಸ್ಪಂದನ: ಮನಸ್ಸಿನಲ್ಲಿ ಮೂಡಿದ್ದೂ ಪಾಪವೇ?

(ವಿವಾಹವಾಗಿ 11 ವರ್ಷಗಳಾದ ಓದುಗರೊಬ್ಬರು, ಸಹೋದ್ಯೋಗಿಯೊಬ್ಬರ ಬಗ್ಗೆ ತಮ್ಮಲ್ಲಿ ಹುಟ್ಟಿದ ಕಾಮನೆಯಿಂದ ಕಂಗೆಟ್ಟು, ‘ಏನನ್ನೂ ಮಾಡದಿದ್ದರೂ ನಾನು ಮಹಾಪಾಪಿಯೇ? ಪತ್ನಿಗೆ ಎಲ್ಲವನ್ನೂ ಹೇಳಿಬಿಡಲೇ?’ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದರು.)

ಸಹೋದರರೇ,

ಕ್ರೈಸ್ತ ಪರಂಪರೆ ಎಣಿಸುವ ಏಳು ಮಹಾಪಾಪಗಳಲ್ಲಿ ಕಾಮವೂ ಒಂದೆಂದು ಬಾಲ್ಯದಲ್ಲೇ ಕಲಿತ ನಾನು ಹಿಂದೊಮ್ಮೆ ನಿಮ್ಮ ಸ್ಥಿತಿಯಲ್ಲೇ ಇದ್ದವನು. ಆ ಪಟ್ಟಿಯ ಜಾಡು ಹಿಡಿದು ಹೋದಾಗ ನನಗೆ ಸಿಕ್ಕವರು 4ನೇ ಶತಮಾನದ ಎವಾಗ್ರಿಯಸ್ ಎಂಬ ಸನ್ಯಾಸಿ. ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದಾಗ ವಿವಾಹಿತೆಯೊಬ್ಬರಲ್ಲಿ ಅನುರಕ್ತರಾಗಿ, ಆ ಸೆಳೆತಕ್ಕೆ ಅಂಜಿ ನಗರವನ್ನೇ ತೊರೆದು, ಕೊನೆಗೆ ಈಜಿಪ್ಟಿನ ಮರುಭೂಮಿಯನ್ನು ಸೇರಿದವರು ಅವರು. ಮನುಷ್ಯನನ್ನು ಕಾಡುವ ಎಂಟು ದುರಾಲೋಚನೆಗಳನ್ನು ಹೆಸರಿಸಿದ ಅವರು, ಅವು ಬಂದು ಕಾಡುವುದು ನಮ್ಮ ಕೈಯಲ್ಲಿಲ್ಲ, ಬಂದವು ಅಲ್ಲೇ ಬೀಡುಬಿಡಬೇಕೇ ಬೇಡವೇ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ ಎಂದು ಬೋಧಿಸಿದರು. 6ನೇ ಶತಮಾನದ ಕೊನೆಯಲ್ಲಿ ಪೋಪ್ ಮೊದಲನೆಯ ಗ್ರೆಗರಿ ಆ ಪಟ್ಟಿಯನ್ನು ಏಳಕ್ಕೆ ಇಳಿಸಿದರು. ಇವನ್ನು ಮಹಾಪಾಪ ಎನ್ನುವುದು ಇವುಗಳಿಗೆ ಕ್ಷಮೆಯೇ ಇಲ್ಲವೆಂದಲ್ಲ. ಇತರ ಪಾಪಗಳು ಇವುಗಳಿಂದ ಕವಲೊಡೆಯುತ್ತವೆ ಎಂಬ ಕಾರಣಕ್ಕೆ. ನಿಮ್ಮ ಪತ್ರದಲ್ಲಿ ಕಂಡ ಭಯಕ್ಕೆ ಈ ವ್ಯತ್ಯಾಸ ತಿಳಿದಿರುವುದು ಅಗತ್ಯವೆಂದು ನನಗನ್ನಿಸಿತು.

ಇನ್ನು ನನ್ನ ಅನುಭವ. ಸಹೋದ್ಯೋಗಿಯೊಬ್ಬರ ಹೆಜ್ಜೆಯ ಸದ್ದಿಗಾಗಿ ನಾನು ಕಿವಿಗೊಟ್ಟು ಕುಳಿತಿರುತ್ತಿದ್ದೆ. ಅವರು ಹೊರಡುವ ವೇಳೆಗೇ ನನ್ನ ಕೆಲಸವೂ ಮುಗಿಯುವಂತೆ ಕಡತಗಳನ್ನು ಹಿಂದುಮುಂದಾಗಿಸುತ್ತಿದ್ದೆ. ಹೀಗೆ ಆರು ತಿಂಗಳು ಕಳೆದ ಮೇಲೆ, ಒಂದು ಬೆಳಿಗ್ಗೆ ಅವರು ಅತ್ತು ಕೆಂಪಾದ ಕಣ್ಣುಗಳೊಂದಿಗೆ ಬಂದು, ಮಗನಿಗೆ ಜ್ವರ ಇಳಿದಿಲ್ಲ, ಈ ದಿನದ ಕೆಲಸವನ್ನು ನೋಡಿಕೊಳ್ಳುವಿರಾ ಎಂದು ಕೇಳಿದರು. ಅವರಿಗೊಬ್ಬ ಮಗನಿದ್ದಾನೆ ಎಂಬುದೇ ನನಗೆ ತಿಳಿದಿರಲಿಲ್ಲ. ಆರು ತಿಂಗಳು ಎವೆಯಿಕ್ಕದೆ ನೋಡಿದ್ದರೂ ನಾನು ಅವರನ್ನು ಒಂದು ದಿನವೂ ಕಂಡಿರಲಿಲ್ಲ. ಕಾಮವನ್ನು ಪಾಪವೆಂದು ಏಕೆ ಕರೆದರೆಂಬುದು ನನಗೆ ಅರ್ಥವಾದದ್ದು ಆಗಲೇ: ಬಯಕೆ ಹುಟ್ಟಿದ್ದು ತಪ್ಪಾಗಿರಲಿಲ್ಲ, ಒಂದು ಜೀವವನ್ನು ನನ್ನ ಕಣ್ಣಿನ ಹಸಿವಿಗೆ ಒದಗುವ ವಸ್ತುವಾಗಿಸಿಕೊಂಡದ್ದು ತಪ್ಪಾಗಿತ್ತು. ಆ ದಿನ ಅವರ ಕೆಲಸವನ್ನೆಲ್ಲ ಮಾಡಿ ಮುಗಿಸಿದೆ. ಸೆಳೆತ ಒಮ್ಮೆಲೇ ಹೋಗಲಿಲ್ಲ, ಆದರೆ ಮೊದಲಿನಂತೆ ಉಳಿಯಲೂ ಇಲ್ಲ.

— ನಿವೃತ್ತ ನೌಕರ

ಮಾನ್ಯರೇ,

ಪತ್ನಿಗೆ ಹೇಳಬೇಕೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಹೆಂಡತಿಯೊಬ್ಬಳ ಉತ್ತರವಿದು. ನನ್ನ ಪತಿ ಒಂದು ರಾತ್ರಿ ಇಂಥದ್ದೇ ಮಾತನ್ನು ಕಣ್ಣೀರಿಡುತ್ತ ಹೇಳಿಕೊಂಡು, ಮನಸ್ಸು ಹಗುರವಾಯಿತೆಂದು ನಿದ್ದೆಹೋದರು. ಅವರು ಇಳಿಸಿದ ಹೊರೆಯನ್ನು ಹೊತ್ತುಕೊಂಡು ನಾನು ಅನೇಕ ತಿಂಗಳು ನಿದ್ದೆಗೆಟ್ಟೆ. ಕನ್ನಡಿಯ ಮುಂದೆ ನಿಂತಾಗಲೆಲ್ಲ ನಾನೆಂದೂ ನೋಡದ ಒಬ್ಬ ಹೆಂಗಸಿನೊಂದಿಗೆ ನನ್ನನ್ನು ಹೋಲಿಸಿಕೊಂಡೆ. ನೀವು ಹೆಜ್ಜೆ ಮುಂದಿಟ್ಟಿದ್ದರೆ ನಿಮ್ಮ ಪತ್ನಿಗೆ ತಿಳಿಯುವ ಹಕ್ಕಿದೆ, ಅದರಲ್ಲಿ ಎರಡು ಮಾತಿಲ್ಲ. ಬರೀ ಮನಸ್ಸಿನ ಹೊಯ್ದಾಟವಾಗಿದ್ದರೆ ಮೊದಲು ನಂಬಿಕಸ್ತ ಗುರುಗಳ ಬಳಿಯೋ ಆಪ್ತಸಮಾಲೋಚಕರ ಬಳಿಯೋ ತೋಡಿಕೊಳ್ಳಿ.

— ಒಬ್ಬ ಗೃಹಿಣಿ

ಸಹೋದರರೇ,

‘ಬರೀ ಆಲೋಚನೆ’ ಎಂಬ ಮಾತು ನಿಮಗೆ ಸಮಾಧಾನ ಕೊಡಬಹುದು, ಆದರೆ ಅದರ ಮರೆಯಲ್ಲಿ ನಿಲ್ಲಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪರ್ವತಪ್ರಸಂಗದಲ್ಲಿ, ಅಂದರೆ ಬೆಟ್ಟದ ಮೇಲೆ ಮಾಡಿದ ಬೋಧನೆಯಲ್ಲಿ, ಯೇಸು ಎಚ್ಚರಿಸಿದ್ದು ಕಣ್ಣಿಗೆ ಬಿದ್ದವರನ್ನು ಕಂಡದ್ದಕ್ಕಲ್ಲ, ಮೋಹಿಸಬೇಕೆಂದೇ ನೋಡುವ ನೋಟಕ್ಕೆ. ನಿಮ್ಮ ಪತ್ರದ ತುಂಬ ನಿಮ್ಮ ಪಾಪಪ್ರಜ್ಞೆಯೇ ಇದೆ. ಆ ಸಹೋದ್ಯೋಗಿಗೆ ನಿಮ್ಮ ನೋಟದಿಂದ ಮುಜುಗರವಾಗುತ್ತಿದೆಯೇ ಎಂಬ ಒಂದು ಸಾಲೂ ಇಲ್ಲ. ಅವರ ಚಿತ್ರವೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ತೆರೆದು ನೋಡುವುದಾಗಿ ಬರೆದಿದ್ದೀರಿ. ಅದನ್ನು ಅಳಿಸಿದಿರಾ ಎಂಬುದನ್ನು ಮಾತ್ರ ಬರೆದಿಲ್ಲ.

— ಇನ್ನೊಬ್ಬ ಓದುಗ